ಬೇಲಿಯಾಚೆಯ ನೀಲಿ

ಡೂಲಿ ಹಾರ್ಡ್‌ವೇರಿನಲ್ಲಿ ಬಣ್ಣ ಕಲಸುವವಳು ನಾನು,
ಇಪ್ಪತ್ತೆರಡು ವರ್ಷದಿಂದ.
ಒಂದೇ ಒಂದು ಹನಿ ಕಪ್ಪು ಹೆಚ್ಚಾದರೆ
ಡಬ್ಬವೇ ಕೆಟ್ಟಿತು ಅನ್ನುತ್ತಾರೆ ಗಿರಾಕಿಗಳು.
ಮುಚ್ಚಳ ಬಡಿದು ಸುಮ್ಮನಿರುತ್ತೇನೆ.

ಹೋದ ಮೇ ತಿಂಗಳು ಕ್ವಾರಿ ಬೀದಿಯವರೆಲ್ಲ ಸೇರಿ
ಹಳೆಯ ಐಸ್ ಫ್ಯಾಕ್ಟರಿಯ ಗೋಡೆಗೆ ಚಿತ್ರ ಬರೆಯುವುದೆಂದಾಯಿತು.
ಮುಷ್ಟಿ ಬರೆಯೋಣ ಅಂದರು ಹುಡುಗರು.
ಮುರಿದ ಸಂಕೋಲೆ ಅಂದರು ಚರ್ಚಿನವರು.
ಮಿಸ್ ಒಡೀಲಿಯಾ ಗ್ರಿಗ್ಸ್ ಊರುಗೋಲೆತ್ತಿ
ಎದುರಿನ ಪಾರ್ಕಿಂಗ್ ಜಾಗ ತೋರಿಸಿದರು:
"ಅದರಡಿಯಲ್ಲೊಂದು ಕೊಳ ಇದೆ. ಅದನ್ನು ಬರೆಯಿರಿ."

ಇದೆ. ಬಿಳಿಯರಷ್ಟೇ ಈಜುತ್ತಿದ್ದ ಕೊಳ.
ಎಲ್ಲರಿಗೂ ತೆರೆಯಿರಿ ಎಂದು ಕೋರ್ಟು ಹೇಳಿದ ಬೇಸಿಗೆ
ಲಾರಿಗಳು ಸಾಲುಗಟ್ಟಿ ಬಂದು
ಮೂರು ಹಗಲು ಮಣ್ಣು ಸುರಿದವು.
ನಮ್ಮ ಮೈ ತಾಕಿದ ನೀರಿಗಿಂತ
ನೀರೇ ಇಲ್ಲದ ಸೆಕೆ ವಾಸಿ ಅನ್ನಿಸಿತು ಊರಿಗೆ,
ತನ್ನ ಮಕ್ಕಳ ಪಾಲಿಗೂ.

ಸರಿ, ಕೊಳ. ಯಾವ ನೀಲಿ?
ಅದು ನನ್ನ ತಲೆಗೆ ಬಂತು.

ವಯಸ್ಸಾದವರು ಒಬ್ಬೊಬ್ಬರೇ ಅಂಗಡಿಗೆ ಬಂದರು.
ಬಣ್ಣದ ಪಟ್ಟಿಯನ್ನು ಬೀಸಣಿಗೆಯಂತೆ ಬಿಚ್ಚಿ ಹಿಡಿದೆ.
ಸ್ಟವ್ ಹೊತ್ತಿದಾಗಿನ ಜ್ವಾಲೆ, ಬುಡದಲ್ಲಿ, ಅಂದ ಕ್ಲೀಟಸ್ ಬರೋಸ್.
ಅಲ್ಲವೇ ಅಲ್ಲ, ಅಂದಳು ಅವನ ತಂಗಿ,
ಬಿಳಿಯರ ಮನೆಯ ಹೊದಿಕೆಗೆ ಅಮ್ಮ ಹಾಕುತ್ತಿದ್ದ ನೀಲಿ,
ಎರಡನೇ ಸಲ ಜಾಲಿಸಿದ ಮೇಲೆ ಬಕೆಟ್ಟಿನಲ್ಲಿ ಉಳಿಯುತ್ತಿತ್ತಲ್ಲ, ಅದು.
ಒಬ್ಬರ ಮಾತಿಗೆ ಒಬ್ಬರ ಮಾತು ಕೂಡಲಿಲ್ಲ.
ಯಾರೂ ಅದರಲ್ಲಿ ಬೆರಳದ್ದಿದವರಲ್ಲ,
ತಂತಿಬೇಲಿಗೆ ಮೂಗೊತ್ತಿ ನಿಂತವರು.
ಅವರವರ ಕಣ್ಣಿಗೆ ಅಷ್ಟಷ್ಟೇ ಚೌಕದ ನೀರು.

ಒಂದು ಮಧ್ಯಾಹ್ನ ವಾರ್ಡ್ ಸ್ಟ್ರಿಕ್‌ಲ್ಯಾಂಡ್ ಬಂದ,
ಬಿಳಿಯ, ಮುದುಕ, ಟೋಪಿ ಕೈಯಲ್ಲಿ.
"ತಳಕ್ಕೆ ಬರೀ ಬಿಳಿ ಬಳಿದಿತ್ತು," ಅಂದ.
"ನೀಲಿಯೆಲ್ಲ ಆಕಾಶದ್ದು."
ಮಿಸ್ ಒಡೀಲಿಯಾ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು.
ಅವರನ್ನು ನೋಡದೆ, ಟೋಪಿಯನ್ನೇ ನೋಡುತ್ತ ಅಂದ:
"ಬೇಲಿಯಲ್ಲಿ ನೀವಿದ್ದಿರಿ. ನನಗೆ ಒಂಬತ್ತು. ನೀರೆರಚಿದ್ದೆ."
"ತಣ್ಣಗಿತ್ತು," ಅಂದರು ಅವರು.
"ನನಗೆ ಗೊತ್ತಿರುವ ಕೊಳ ಅಷ್ಟೇ."

ಕ್ಷಮಿಸಿದರೋ ಇಲ್ಲವೋ ನಾನು ಹೇಳಲಾರೆ.
ಅವನ ಕೈಗೆ ಕುಂಚ ಕೊಡಲಿಲ್ಲ.
ಏಣಿ ಹಿಡಿ ಅಂದರು.
ಹಿಡಿದ, ಆರು ಶನಿವಾರ.

ಕೊನೆಗೆ ನಾನೇ ಹದ ನೋಡಿ ಕಲಸಿದೆ,
ಜ್ವಾಲೆಯದಷ್ಟು, ಬಕೆಟ್ಟಿನದಷ್ಟು,
ಮೇಲೊಂದು ಹನಿ ಕಪ್ಪು.
ಆ ಹನಿ ಬಿದ್ದ ಮೇಲೇ ನೀರಿಗೆ ಆಳ ಬಂತು.

ಈಗ ಗೋಡೆಯ ಮೇಲೆ ಎಂಟು ವರ್ಷದ ಒಡೀಲಿಯಾ,
ಕೂದಲು ಪೂರ್ತಿ ಒದ್ದೆ (ಅದೊಂದೇ ಅವರು ಹಟ ಹಿಡಿದದ್ದು).
ಪಕ್ಕದಲ್ಲಿ ಕ್ಲೀಟಸ್, ಹಲಗೆಯಿಂದ ಹಾರಿದವನು
ಇನ್ನೂ ನೀರು ಮುಟ್ಟಿಲ್ಲ.
ಬೇಲಿ ಬರೆಯಬೇಕೋ ಬೇಡವೋ ಎಂದು
ಎರಡು ಸಂಜೆ ಜಗಳವಾಗಿ, ಬರೆಯದೆ ಬಿಟ್ಟೆವು.
ಆದರೆ ಪಾರ್ಕಿಂಗ್ ಸುತ್ತ ನಿಜದ ಬೇಲಿ ಹಾಗೇ ನಿಂತಿದೆಯಲ್ಲ,
ಸಂಜೆಯ ಓರೆಬಿಸಿಲಿಗೆ ಅದರ ನೆರಳು
ಮೆಲ್ಲಗೆ ಗೋಡೆ ಹತ್ತಿ
ಈಜುವವರ ಬೆನ್ನಿನ ಮೇಲೆ ಜಾಳುಜಾಳಾಗಿ ಬೀಳುತ್ತದೆ.
ಹೊತ್ತು ಮುಳುಗಿದರೆ ಅದೂ ಮುಳುಗುತ್ತದೆ.

ನಿನ್ನೆ ಹೊಸ ಅಪಾರ್ಟ್‌ಮೆಂಟಿನವನೊಬ್ಬ ಬಂದು
ಫೋನಿನಲ್ಲಿ ಗೋಡೆಯ ಫೋಟೋ ತೋರಿಸಿದ.
ಇದೇ ನೀಲಿ ನಲವತ್ತು ಗ್ಯಾಲನ್ ಬೇಕು,
ನಮ್ಮ ಈಜುಕೊಳಕ್ಕೆ, ಅಂದ.
ಗೇಟಿದೆಯಾ? ಕೇಳಿದೆ.
ಇರಲೇಬೇಕಲ್ಲ, ಅಂದ, ನಕ್ಕ.
ಲೆಕ್ಕದ ಪುಸ್ತಕ ತೆರೆದು, ಆ ಪುಟ ಮಗುಚಿ,
ಬೇರೊಂದು ನೀಲಿ ಕಲಸಿ ಕೊಟ್ಟೆ.
ಒಳ್ಳೆಯ ಬಣ್ಣವೇ.
ಅವನಿಗೆ ವ್ಯತ್ಯಾಸ ತಿಳಿಯಲಿಲ್ಲ.